ಡ್ಯಾಶ್ ಕ್ಯಾಮ್‌ಗೆ ಕರೆಂಟ್ ಎಲ್ಲಿಂದ? ಕೀ ಲೈನೋ, ಡೈರೆಕ್ಟ್ ಲೈನೋ

ನಾಲ್ಕು ದಿನ ಬೆಂಗಳೂರಿನಲ್ಲಿದ್ದು, ಬೆಳಗಿನ ಜಾವದ ರೈಲಿಗೆ ದಾವಣಗೆರೆಗೆ ಬಂದಿಳಿದೆ. ಸ್ಟೇಷನ್ ಹತ್ತಿರ ನಿಲ್ಲಿಸಿದ್ದ ಕಾರಿನ ರಿಮೋಟ್ ಒತ್ತಿದರೆ ಸದ್ದಿಲ್ಲ. ಕೀ ಹಾಕಿ ಬಾಗಿಲು ತೆಗೆದೆ. ಸೆಲ್ಫ್ ಹೊಡೆದರೆ ಮೀಟರಿನ ದೀಪ ಮಿಣುಕಿ ಆರಿಹೋಯಿತು. ಬ್ಯಾಟರಿ ಹಾಕಿಸಿ ವರ್ಷ ಕೂಡ ಆಗಿರಲಿಲ್ಲ. ಆಟೋದವರೊಬ್ಬರು ಎಲ್ಲಿಂದಲೋ ಕೇಬಲ್ ತಂದು ಜಂಪ್ ಕೊಟ್ಟರು. ಮನೆಗೆ ಬಂದು ಕಾಫಿ ಕೂಡ ಕುಡಿಯದೆ ಹುಡುಕಲು ಕೂತೆ.

ಕಳ್ಳ ಸಿಕ್ಕಿದ್ದು ಚಾವಣಿಯ ದೀಪದ ಹಿಂದೆ. ಎರಡು ವಾರದ ಹಿಂದೆ ಒಂದು ಅಂಗಡಿಯಲ್ಲಿ ಡ್ಯಾಶ್ ಕ್ಯಾಮ್, ಅಂದರೆ ರಸ್ತೆಯನ್ನು ರೆಕಾರ್ಡ್ ಮಾಡುವ ಕ್ಯಾಮೆರಾ, ಹಾಕಿಸಿದ್ದೆ. ಅಲ್ಲಿನ ಹುಡುಗ ಆ ದೀಪದ ವೈರ್ ಸುಲಿದು, ಅದಕ್ಕೆ 12 ವೋಲ್ಟನ್ನು 5ಕ್ಕೆ ಇಳಿಸುವ ಒಂದು ಸಾದಾ ಕನ್ವರ್ಟರ್ ಸೇರಿಸಿ, ಕಪ್ಪು ಟೇಪ್ ಸುತ್ತಿಬಿಟ್ಟಿದ್ದ. ನನ್ನ ಕಾರಿನಲ್ಲಿ ಆ ವೈರಿಗೆ ಹಗಲೂ ರಾತ್ರಿ ಕರೆಂಟ್ ಇರುತ್ತದೆ. ಮುಂದೊಂದು ಹಿಂದೊಂದು, ಎರಡು ಕ್ಯಾಮೆರಾ ಸೇರಿ 5 ವ್ಯಾಟ್. ಕನ್ವರ್ಟರ್ ತಿನ್ನುವುದನ್ನೂ ಸೇರಿಸಿದರೆ ಬ್ಯಾಟರಿ ಕಡೆಯಿಂದ ಸುಮಾರು 0.45 ಆಂಪಿಯರ್. 96 ಗಂಟೆಗೆ 43 ಆಂಪಿಯರ್ ಅವರ್ ಆಯಿತು. ನನ್ನ ಬ್ಯಾಟರಿಯೇ 35 ಆಂಪಿಯರ್ ಅವರ್‌ದು. ಸಾಯದೆ ಇನ್ನೇನು ಮಾಡೀತು?

ಅಲ್ಲಿಂದ ಈಚೆಗೆ ನೆಂಟರು, ಆಫೀಸಿನವರು ಅಂತ ಏಳೆಂಟು ಕಾರಿಗೆ ನಾನೇ ವೈರ್ ಎಳೆದಿದ್ದೇನೆ. ಇನ್ನೂ ಹಲವರ ಕಾರಿನಲ್ಲಿ ಬೇರೆಯವರು ಎಳೆದಿದ್ದನ್ನು ಬಿಚ್ಚಿ ನೋಡಿದ್ದೇನೆ. ‘ಕ್ಯಾಮೆರಾ ಸರಿ ಇಲ್ಲ’ ಅಂತ ಬಂದವುಗಳಲ್ಲಿ ನಿಜವಾಗಿ ಕ್ಯಾಮೆರಾ ಕೆಟ್ಟಿದ್ದು ಒಂದೇ ಒಂದು. ಉಳಿದದ್ದೆಲ್ಲ ಕರೆಂಟ್ ಕೊಟ್ಟ ಜಾಗದ ತಪ್ಪು. ಹಾಗಾಗಿ ಯಾವ ಕ್ಯಾಮೆರಾ ಕೊಳ್ಳಬೇಕು ಅನ್ನುವುದಕ್ಕಿಂತ, ಅದಕ್ಕೆ ಎಲ್ಲಿಂದ ಕರೆಂಟ್ ಕೊಡಬೇಕು ಅನ್ನುವುದರ ಮೇಲೆ ಜಾಸ್ತಿ ತಲೆ ಕೆಡಿಸಿಕೊಳ್ಳಿ ಅಂತ ನಾನು ಹೇಳುವುದು.

ನಿಂತ ಕಾರಿನಲ್ಲೂ ಕ್ಯಾಮೆರಾ ಓಡಬೇಕಾ?

ನಮ್ಮ ಕಡೆಯ ಆಟೋ ಎಲೆಕ್ಟ್ರಿಷಿಯನ್‌ಗಳ ಬಾಯಲ್ಲಿ ಎರಡು ಮಾತು ಕೇಳುತ್ತೀರಿ. ‘ಕೀ ಲೈನ್’ ಅಂದರೆ ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ವೈರ್. ಕ್ಯಾಮೆರಾದ ವೈರಿಂಗ್ ಕಿಟ್ ಡಬ್ಬಿಯ ಮೇಲೆ ಇದನ್ನೇ ಎಸಿಸಿ ಅಂತ ಬರೆದಿರುತ್ತಾರೆ. ‘ಡೈರೆಕ್ಟ್ ಲೈನ್’ ಅಂದರೆ ಕಾರು ಲಾಕ್ ಆಗಿದ್ದರೂ ಬ್ಯಾಟರಿಯಿಂದ ಕರೆಂಟ್ ಬರುತ್ತಲೇ ಇರುವ ವೈರ್. ಎಲ್ಲ ಆಯ್ಕೆಯೂ ಈ ಎರಡರ ನಡುವೆಯೇ ಸುತ್ತುತ್ತದೆ.

ಗೇಟಿನೊಳಗೆ ಕಾರು ನಿಲ್ಲಿಸುವವರಿಗೆ ಡೈರೆಕ್ಟ್ ಲೈನ್ ಬೇಡವೇ ಬೇಡ. ಹೈವೇಯಲ್ಲಿ ಎದುರಿಗೆ ರಾಂಗ್ ಸೈಡ್‌ನಲ್ಲಿ ಟ್ರ್ಯಾಕ್ಟರ್ ಬಂದಾಗ, ಸುಗ್ಗಿ ಕಾಲದಲ್ಲಿ ಸರ್ವೀಸ್ ರಸ್ತೆ ತುಂಬ ಮೆಕ್ಕೆಜೋಳ ಹರವಿ ಸುತ್ತ ಕಲ್ಲಿಟ್ಟಾಗ, ಕ್ಯಾಮೆರಾ ಓಡುತ್ತಿದ್ದರೆ ಸಾಕು. ಆಗ ಕೀ ಹೇಗೂ ಆನ್ ಆಗಿರುತ್ತದೆ. ಚಿತ್ರದುರ್ಗದಲ್ಲಿ ಕೋಟೆ ಬುಡದ ಹಳೇ ಊರಿನ ಓಣಿಯಲ್ಲಿ ಕಾರು ನಿಲ್ಲಿಸುವವರ ಕತೆ ಬೇರೆ. ಬೆಳಿಗ್ಗೆ ಎದ್ದು ನೋಡಿದರೆ ಬಾಗಿಲ ಮೇಲೆ ಬೈಕ್ ಹ್ಯಾಂಡಲ್ ಎಳೆದ ಗೀರು ಇರುತ್ತದೆ. ಅವರಿಗೆ ನಿಂತ ಕಾರಿನಲ್ಲೂ ಕ್ಯಾಮೆರಾ ಕಾವಲು ಕಾಯುವ ಪಾರ್ಕಿಂಗ್ ಮೋಡ್ ಬೇಕು ಅನ್ನಿಸಿದರೆ ತಪ್ಪಲ್ಲ.

ಆದರೆ ಲೆಕ್ಕ ಹಾಕಿ. ಪಾರ್ಕಿಂಗ್ ಮೋಡ್‌ನಲ್ಲಿ ಕ್ಯಾಮೆರಾ 0.2 ಆಂಪಿಯರ್ ಎಳೆದರೂ ಹತ್ತು ಗಂಟೆಯ ರಾತ್ರಿಗೆ 2 ಆಂಪಿಯರ್ ಅವರ್. ದಿನಾ ದಾವಣಗೆರೆಯಿಂದ ದುರ್ಗಕ್ಕೆ ಅರವತ್ತು ಕಿಲೋಮೀಟರ್ ಓಡಿಸುವವರಿಗೆ ಅದು ದಾರಿಯಲ್ಲೇ ವಾಪಸ್ ತುಂಬುತ್ತದೆ. ವಿದ್ಯಾನಗರದಿಂದ ಮಾರ್ಕೆಟ್‌ಗೆ ಹೋಗಿ ಬರುವ ಕಾರಿನಲ್ಲಿ ತುಂಬುವುದಿಲ್ಲ. ದಿನಕ್ಕಿಷ್ಟು ಅಂತ ಸಾಲ ಏರುತ್ತಾ ಹೋಗಿ, ಒಂದು ದಿನ ಸೆಲ್ಫ್ ಬರೀ ‘ಕಟ ಕಟ’ ಅನ್ನುತ್ತದೆ.

ಮೊದಲು ಮಲ್ಟಿಮೀಟರ್

ಮುನ್ನೂರು ನಾನೂರು ರೂಪಾಯಿಯ ಸಾದಾ ಮಲ್ಟಿಮೀಟರ್ ಸಾಕು. ಅದಿಲ್ಲದೆ ಮಾಡುವುದೆಲ್ಲ ಕತ್ತಲಲ್ಲಿ ತಡಕಾಡಿದ ಹಾಗೆ. ರಾತ್ರಿಯೆಲ್ಲ ನಿಂತ ಕಾರಿನ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ಹೊಟ್ಟೆ ತುಂಬಿದೆ. 12.4 ಅಂದರೆ ಮುಕ್ಕಾಲು, 12.2 ಅಂದರೆ ಅರ್ಧ, 12.0 ಅಂದರೆ ಕಾಲು ಭಾಗ. ಇಂಜಿನ್ ಓಡುವಾಗ 13.5ರಿಂದ 14.5ರ ಒಳಗೆ ಇರಬೇಕು. ಈ ಅಂಕಿ ಸರಿ ಬರದಿದ್ದರೆ ಕ್ಯಾಮೆರಾ ಮಾತು ಆಮೇಲೆ. ಮೊದಲು ಬ್ಯಾಟರಿ ಅಂಗಡಿಗೆ ಹೋಗಿ.

ಇನ್ನೊಂದು ಪರೀಕ್ಷೆಗೆ ಮೀಟರೂ ಬೇಡ. ಕ್ಯಾಮೆರಾ ತೊಂದರೆ ಕೊಡುತ್ತಿದ್ದರೆ ಅದನ್ನು ಮನೆಯೊಳಗೆ ತಂದು, ಒಳ್ಳೆಯ ಮೊಬೈಲ್ ಚಾರ್ಜರಿಗೆ ಹಾಕಿ ಒಂದು ಗಂಟೆ ಬಿಡಿ. ಅಲ್ಲಿ ಸುಮ್ನೆ ಓಡಿದರೆ ತಪ್ಪು ಕಾರಿನ ವೈರಿಂಗ್‌ನಲ್ಲಿದೆ. ಅಲ್ಲೂ ಆಫ್ ಆಗಿ ಆನ್ ಆದರೆ ಮೆಮೊರಿ ಕಾರ್ಡ್ ತೆಗೆದು ಇನ್ನೊಮ್ಮೆ ನೋಡಿ. ಕಾರ್ಡ್ ಇಲ್ಲದಾಗ ಸರಿಯಾಗಿ ನಿಂತಿತು ಅಂದರೆ ಕಾರ್ಡ್ ಹೋಗಿದೆ. ನನ್ನ ಅಳಿಯನಿಗೆ ಇದನ್ನು ಮೊದಲೇ ಹೇಳಿದ್ದರೆ ಒಂದು ಭಾನುವಾರ ಉಳಿಯುತ್ತಿತ್ತು. ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಿ ಕೂತಿದ್ದ, ಪುಣ್ಯಾತ್ಮ.

ಸಿಗರೇಟ್ ಲೈಟರ್ ಸಾಕೆಟ್

ಅಂಗಡಿಯವರು ಇದನ್ನು ಕೀಳಾಗಿ ನೋಡುತ್ತಾರೆ. ವೈರ್ ಜೋತಾಡುತ್ತದೆ, ಚೆನ್ನಾಗಿ ಕಾಣಲ್ಲ ಅನ್ನುತ್ತಾರೆ. ಮುಕ್ಕಾಲು ಪಾಲು ಜನಕ್ಕೆ ಇದೇ ಸರಿ ಅಂತ ನಾನು ಹೇಳುತ್ತೇನೆ. ಯಾವ ವೈರನ್ನೂ ಕತ್ತರಿಸುವುದಿಲ್ಲ. ಹೆಚ್ಚಿನ ಕಾರುಗಳಲ್ಲಿ ಇದು ಕೀ ಲೈನ್. ಕಾರು ಆಫ್ ಆದರೆ ಕ್ಯಾಮೆರಾನೂ ಆಫ್. ವಾರಂಟಿಯ ತಗಾದೆಯೂ ಇಲ್ಲ. ಕೆಲವು ಕಾರುಗಳಲ್ಲಿ ಮಾತ್ರ ಸಾಕೆಟ್ ಡೈರೆಕ್ಟ್ ಇರುತ್ತದೆ. ಕೀ ತೆಗೆದು, ಕಾರು ಲಾಕ್ ಮಾಡಿ, ಹತ್ತು ನಿಮಿಷ ಬಿಟ್ಟು ಕ್ಯಾಮೆರಾ ದೀಪ ನೋಡಿದರೆ ಗೊತ್ತಾಗಿಬಿಡುತ್ತದೆ.

ಇದರ ರೋಗ ಒಂದೇ: ಸಡಿಲ. ದುರ್ಗದ ಗೆಳೆಯರೊಬ್ಬರ ಕ್ಯಾಮೆರಾ ಹೆಬ್ಬಾಳು ಟೋಲ್ ಹತ್ತಿರ ಬಂದಾಗಲೆಲ್ಲ ಆಫ್ ಆಗಿ ಆನ್ ಆಗುತ್ತಿತ್ತು. ಟೋಲ್‌ನ ಫಾಸ್ಟ್ಯಾಗ್ ಮಿಷನ್‌ನಿಂದ ಹೀಗಾಗುತ್ತಿದೆ ಅಂತ ಅವರು ಗಟ್ಟಿಯಾಗಿ ನಂಬಿದ್ದರು. ನಾನೂ ಪಕ್ಕದಲ್ಲಿ ಕೂತು ಹೋದೆ. ಟೋಲ್‌ಗೆ ಮುಂಚಿನ ರಂಬಲ್ ಪಟ್ಟಿಗಳ ಮೇಲೆ ಕಾರು ಗಡಗಡ ಅಂದಾಗ ಅಡಾಪ್ಟರಿನ ತುದಿಯ ಸ್ಪ್ರಿಂಗ್ ಪಿನ್ ಬಿಟ್ಟು ಹಿಡಿದು ಮಾಡುತ್ತಿತ್ತು, ಅಷ್ಟೇ. ಸಾಕೆಟ್ ಒಳಗಿನ ಧೂಳು ಒರೆಸಿ, ಬಿಗಿಯಾಗಿ ಕೂರುವ ಬೇರೆ ಅಡಾಪ್ಟರ್ ಹಾಕಿದ ಮೇಲೆ ಟೋಲ್ ಮಿಷನ್ ಮೇಲಿನ ಆರೋಪ ಬಿದ್ದುಹೋಯಿತು.

ಸಾಕೆಟ್ ಬಿಟ್ಟು ಮ್ಯೂಸಿಕ್ ಸಿಸ್ಟಂನ ಯುಎಸ್‌ಬಿ ಪೋರ್ಟ್‌ಗೆ ಕ್ಯಾಮೆರಾ ಸಿಕ್ಕಿಸುವವರಿದ್ದಾರೆ. ಹಾಡಿನ ಪೆನ್ ಡ್ರೈವ್‌ಗೆ ಅಂತ ಇರುವ ಆ ಪೋರ್ಟ್ ಹಲವು ಕಾರುಗಳಲ್ಲಿ 0.5 ಆಂಪಿಯರ್ ಮಾತ್ರ ಕೊಡುತ್ತದೆ. ಎರಡು ಕ್ಯಾಮೆರಾ ಇದ್ದರೆ ಅದು ಸಾಲದು. ರೆಕಾರ್ಡಿಂಗ್ ಶುರುವಾಗುವ ಹೊತ್ತಿಗೆ ಸರಿಯಾಗಿ ರೀಸ್ಟಾರ್ಟ್ ಆಗುತ್ತದೆ. ಕೆಲವು ಕ್ಯಾಮೆರಾಗಳು ಕಂಪ್ಯೂಟರಿಗೆ ಸೇರಿಸಿದ್ದಾರೆ ಅಂದುಕೊಂಡು ರೆಕಾರ್ಡಿಂಗ್ ಬಿಟ್ಟು ಪೆನ್ ಡ್ರೈವ್ ಆಗಿ ಕೂರುತ್ತವೆ. ಟೈಪ್ ಸಿ ಕ್ಯಾಮೆರಾಗಳಲ್ಲಿ ಇನ್ನೊಂದು ತಮಾಷೆ ಇದೆ. ಎರಡೂ ತುದಿ ಟೈಪ್ ಸಿ ಇರುವ ಕೇಬಲ್ ಹಾಕಿದರೆ ಕೆಲವಕ್ಕೆ ಕರೆಂಟೇ ಹೋಗುವುದಿಲ್ಲ. ಒಂದು ತುದಿ ಹಳೇ ಚಪ್ಪಟೆ ಯುಎಸ್‌ಬಿ ಇರುವ ಕೇಬಲ್ ಹಾಕಿದ ಕೂಡಲೇ ಎದ್ದು ಕೂರುತ್ತವೆ.

ಕೇಬಲ್‌ನ ದಪ್ಪವನ್ನೂ ನೋಡಿ. ಅಂದವಾಗಿ ಚಾವಣಿ ಅಂಚಿನಿಂದ ಎಳೆಯಲು 3 ಮೀಟರ್ ಬೇಕಾಗುತ್ತದೆ. ಒಳಗೆ 28 ಗೇಜ್‌ನ ಕೂದಲಂಥ ವೈರ್ ಇದ್ದರೆ, 1 ಆಂಪಿಯರ್ ಹರಿಯುವಾಗ ಹೋಗಿ ಬರುವ ದಾರಿಯಲ್ಲೇ ಸುಮಾರು 1.3 ವೋಲ್ಟ್ ಕರಗುತ್ತದೆ. ಅಡಾಪ್ಟರ್ 5 ವೋಲ್ಟ್ ಕೊಟ್ಟರೂ ಕ್ಯಾಮೆರಾಗೆ ಸಿಗುವುದು 3.7. ಅದೇ ದಪ್ಪನೆಯ 22 ಗೇಜ್ ವೈರ್ ಆದರೆ ಕರಗುವುದು 0.3 ವೋಲ್ಟ್ ಅಷ್ಟೇ. ಕ್ಯಾಮೆರಾ ಜೊತೆ ಬಂದ ಉದ್ದದ ಕೇಬಲ್ ದಪ್ಪಗೆ, ಪೆಡಸಾಗಿ ಇರುವುದು ಇದಕ್ಕೇ. ಅದನ್ನು ಬಿಟ್ಟು ಮೊಬೈಲ್ ಕೇಬಲ್ ಹಾಕಬೇಡಿ.

ಫ್ಯೂಸ್ ಬಾಕ್ಸ್: ಸರಿಯಾಗಿ ಮಾಡಿದರೆ ಇದರಷ್ಟು ಚೆಂದ ಬೇರೊಂದಿಲ್ಲ

ವೈರ್ ಕಾಣಬಾರದು, ಸಾಕೆಟ್ ಖಾಲಿ ಇರಬೇಕು, ಪಾರ್ಕಿಂಗ್ ಮೋಡೂ ಬೇಕು ಅನ್ನುವವರಿಗೆ, ಫ್ಯೂಸ್ ಬಾಕ್ಸ್‌ನಿಂದಲೇ ಕ್ಯಾಮೆರಾಗೆ ಕರೆಂಟ್ ತರುವ ಹಾರ್ಡ್‌ವೈರ್ ಕಿಟ್. ಇದರಲ್ಲಿ ಮೂರು ವೈರ್. ಸಾಮಾನ್ಯವಾಗಿ ಹಳದಿ ಡೈರೆಕ್ಟ್ ಲೈನಿಗೆ, ಕೆಂಪು ಕೀ ಲೈನಿಗೆ, ಕಪ್ಪು ಬಾಡಿ ಅರ್ಥ್‌ಗೆ, ಅಂದರೆ ಕಾರಿನ ಲೋಹದ ಮೈಗೆ. ಬಣ್ಣ ನಂಬಿ ಕೂರಬೇಡಿ, ವೈರ್ ಮೇಲಿನ ಚೀಟಿ ಓದಿ. ಹಳದಿಯಿಂದ ಊಟ, ಕೆಂಪಿನಿಂದ ಸುದ್ದಿ. ಅಂದರೆ ಕರೆಂಟ್ ಬರುವುದು ಹಳದಿಯಿಂದ. ಕಾರು ಓಡುತ್ತಿದೆಯಾ ನಿಂತಿದೆಯಾ ಅಂತ ಕ್ಯಾಮೆರಾಗೆ ಗೊತ್ತಾಗುವುದು ಕೆಂಪಿನಿಂದ.

ಇದು ತಿಳಿದರೆ ಅರ್ಧ ತೊಂದರೆ ಮನೆಯಲ್ಲೇ ಕೂತು ಹೇಳಬಹುದು. ಕಾರು ನಿಂತಾಗಲೂ ಕ್ಯಾಮೆರಾ ಪಾರ್ಕಿಂಗ್ ಮೋಡ್‌ಗೆ ಹೋಗದೆ ಪೂರ್ತಿ ರೆಕಾರ್ಡ್ ಮಾಡುತ್ತಿದೆಯಾ? ಕೆಂಪನ್ನೂ ಹಳದಿಯನ್ನೂ ಸೇರಿಸಿ ತಿರುಚಿ ಡೈರೆಕ್ಟ್ ಲೈನಿಗೆ ಕೊಟ್ಟಿದ್ದಾರೆ. ಕೀ ತೆಗೆದ ಕೂಡಲೇ ಕ್ಯಾಮೆರಾ ಸಂಪೂರ್ಣ ಸಾಯುತ್ತದಾ? ಎರಡನ್ನೂ ಕೀ ಲೈನಿಗೆ ಕೊಟ್ಟಿದ್ದಾರೆ. ಕಾರು ಓಡುವಾಗ ಪಾರ್ಕಿಂಗ್ ಮೋಡ್, ರಾತ್ರಿಯೂ ಪಾರ್ಕಿಂಗ್ ಮೋಡ್ ಅಂದರೆ ಕೆಂಪಿಗೆ ಕರೆಂಟೇ ಬರುತ್ತಿಲ್ಲ.

ಇವೆಲ್ಲಕ್ಕಿಂತ ಒಳಗೊಳಗೇ ಕಾಡುವ ತೊಂದರೆ ಇನ್ನೊಂದಿದೆ. ಪಾರ್ಕಿಂಗ್ ಮೋಡ್ ಶುರುವಾಗುತ್ತದೆ, ಕಾಲು ಗಂಟೆ ಓಡುತ್ತದೆ, ಆಮೇಲೆ ನಿಲ್ಲುತ್ತದೆ. ಈಗಿನ ಕಾರುಗಳು ಲಾಕ್ ಆದ ಸ್ವಲ್ಪ ಹೊತ್ತಿಗೆ ನಿದ್ದೆಗೆ ಜಾರುತ್ತವೆ. ಒಳದೀಪದಂಥ ಕೆಲವು ಲೈನ್‌ಗಳನ್ನು ಆಗ ತಾವೇ ಕಟ್ ಮಾಡುತ್ತವೆ. ಮೀಟರ್ ಹಿಡಿದು ನೋಡಿದ ಆ ಎರಡು ನಿಮಿಷ ಅದು ಡೈರೆಕ್ಟ್ ಲೈನ್ ಥರಾನೇ ಕಾಣುತ್ತದೆ. ಹಾಗಾಗಿ ಫ್ಯೂಸ್ ಆರಿಸುವಾಗ ಬಾಗಿಲಿನ ಲಾಚ್ ಅನ್ನು ಸ್ಕ್ರೂಡ್ರೈವರ್‌ನಿಂದ ಮುಚ್ಚಿದ ಹಾಗೆ ಮಾಡಿ, ರಿಮೋಟ್‌ನಿಂದ ಲಾಕ್ ಒತ್ತಿ, ಅರ್ಧ ಗಂಟೆ ಬಿಟ್ಟು ಮತ್ತೆ ಅಳೆಯಿರಿ. ಬಾಗಿಲು ಹಾಕುವ ಮುಂಚೆ ಲಾಚನ್ನು ವಾಪಸ್ ಬಿಡಿಸುವುದು ಮರೆಯಬೇಡಿ. ಕೀ ಲೈನ್‌ನಲ್ಲೂ ಇದೇ ಆಟ ಉಲ್ಟಾ ನಡೆಯುತ್ತದೆ. ಕೆಲವು ಕಾರುಗಳಲ್ಲಿ ಕೀ ತೆಗೆದ ಮೇಲೂ ಬಾಗಿಲು ತೆರೆಯುವ ತನಕ ಕರೆಂಟ್ ಉಳಿದಿರುತ್ತದೆ.

ಯಾವ ಫ್ಯೂಸ್‌ಗೆ ಕೈ ಹಾಕಬಾರದು ಅನ್ನುವುದು ಸುಲಭ: ಏರ್‌ಬ್ಯಾಗ್, ಎಬಿಎಸ್, ಸ್ಟೀರಿಂಗ್, ಇಂಜಿನ್ ಕಂಪ್ಯೂಟರ್. ಕೀ ಲೈನಿಗೆ ಸಾಕೆಟ್ಟಿನ ಫ್ಯೂಸ್ ಒಳ್ಳೆಯದು. ಡೈರೆಕ್ಟ್ ಲೈನಿಗೆ ಡೋರ್ ಲಾಕ್‌ನಂಥದ್ದು ನೋಡಿ. ವೈರನ್ನು ಫ್ಯೂಸಿನ ಕಾಲಿಗೆ ಸುತ್ತಿ ಒತ್ತಿಬಿಡುವ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ದಯವಿಟ್ಟು ಬೇಡ. ಫ್ಯೂಸ್ ಟ್ಯಾಪ್ ಅಂತ ಸಿಗುತ್ತದೆ, ಒಂದು ಜಾಗದಲ್ಲಿ ಎರಡು ಫ್ಯೂಸ್ ಹಿಡಿಸುವ ಪುಟ್ಟ ಹೋಲ್ಡರ್. ಅದನ್ನೇ ಹಾಕಿ. ಸೈಜ್ ಮಾತ್ರ ಹೊಂದಬೇಕು. ಮಿನಿ, ಲೋ ಪ್ರೊಫೈಲ್ ಮಿನಿ, ಮೈಕ್ರೋ ಅಂತ ಬೇರೆ ಬೇರೆ ಇವೆ. ಕಾರಿನ ಹಳೇ ಫ್ಯೂಸ್ ಕಿತ್ತು ಅಂಗಡಿಗೆ ತೋರಿಸಿಯೇ ತನ್ನಿ. ದಪ್ಪ ಕಾಲಿನದನ್ನು ಬಲವಂತವಾಗಿ ತುರುಕಿದರೆ ಒಳಗಿನ ಹಿಡಿಕೆ ಅಗಲವಾಗುತ್ತದೆ. ನಾಳೆ ಟ್ಯಾಪ್ ತೆಗೆದು ಹಳೇ ಫ್ಯೂಸ್ ಹಾಕಿದರೆ ಅದೇ ಲೊಡಲೊಡ ಅನ್ನುತ್ತದೆ.

ಟ್ಯಾಪ್‌ಗೆ ದಿಕ್ಕಿದೆ. ಇದನ್ನು ಹೇಳುವವರು ಕಡಿಮೆ. ಫ್ಯೂಸ್ ಕಿತ್ತ ಮೇಲೆ ಆ ಗೂಡಿನ ಎರಡು ಬದಿಯಲ್ಲಿ ಒಂದರಲ್ಲಿ ಮಾತ್ರ 12 ವೋಲ್ಟ್ ಇರುತ್ತದೆ. ಕರೆಂಟ್ ಬರುವ ಬದಿ ಅದು. ಈಗ ಟ್ಯಾಪ್‌ನಲ್ಲಿ ಕ್ಯಾಮೆರಾದ ಫ್ಯೂಸ್ ಒಂದನ್ನೇ ಹಾಕಿ, ಮೀಟರನ್ನು ಬೀಪ್ ಮೋಡ್‌ಗಿಟ್ಟು, ಒಂದು ಕಡ್ಡಿ ಟ್ಯಾಪ್‌ನ ವೈರಿಗೆ, ಇನ್ನೊಂದು ಅದರ ಕಾಲುಗಳಿಗೆ ಮುಟ್ಟಿಸಿ. ಬೀಪ್ ಅನ್ನುವ ಕಾಲು 12 ವೋಲ್ಟ್ ಬದಿಗೆ ಹೋಗಬೇಕು. ಉಲ್ಟಾ ಹಾಕಿದರೂ ಕ್ಯಾಮೆರಾ ಓಡುತ್ತದೆ. ಅದಕ್ಕೇ ಯಾರೂ ಗಮನಿಸುವುದಿಲ್ಲ. ಆದರೆ ಆಗ ಕ್ಯಾಮೆರಾದ ಭಾರವೂ ಕಾರಿನ ಹಳೇ ಫ್ಯೂಸ್ ಮೂಲಕವೇ ಹೋಗುತ್ತದೆ. ಕ್ಯಾಮೆರಾಗೆ 2 ಅಥವಾ 3 ಆಂಪಿಯರ್ ಫ್ಯೂಸ್ ಸಾಕು. ಕೈಗೆ ಸಿಕ್ಕಿತು ಅಂತ 15 ಹಾಕಬೇಡಿ. ಫ್ಯೂಸ್ ಇರುವುದು ವೈರ್ ಸುಡದಿರಲಿ ಅಂತ.

ಇನ್ನು ಅರ್ಥ್. ನಾನು ಬಿಚ್ಚಿ ನೋಡಿದ್ದರಲ್ಲಿ ಜಾಸ್ತಿ ತಪ್ಪು ಸಿಕ್ಕಿದ್ದು ಈ ಬಡಪಾಯಿ ಕಪ್ಪು ವೈರಿನಲ್ಲೇ. ಪೇಂಟ್ ಮೇಲೆ ಬೋಲ್ಟ್ ಬಿಗಿದಿರುತ್ತಾರೆ, ಪ್ಲಾಸ್ಟಿಕ್ ಬ್ರಾಕೆಟ್ಟಿನ ಸ್ಕ್ರೂಗೆ ಸುತ್ತಿರುತ್ತಾರೆ. ಬಾಡಿಯ ಲೋಹಕ್ಕೆ ಗಟ್ಟಿಯಾಗಿ ಕೂತ ಬೋಲ್ಟ್ ಹುಡುಕಿ ಅದರಡಿ ಕೊಡಿ. ಏರ್‌ಬ್ಯಾಗ್ ಹಿಡಿದಿರುವ ಬೋಲ್ಟ್ ಬೇಡ. ಬ್ಯಾಟರಿ ಮೈನಸ್‌ನಿಂದ ಆ ಬೋಲ್ಟ್‌ಗೆ ಓಮ್ ಅಳೆದರೆ ಸೊನ್ನೆಯ ಹತ್ತಿರ ಇರಬೇಕು. ಅರ್ಥ್ ಸಡಿಲ ಇದ್ದರೆ ಕ್ಯಾಮೆರಾ ರೀಸ್ಟಾರ್ಟ್ ಆಗುತ್ತದೆ. ಅದಲ್ಲದೆ ಕಿಟ್‌ನ ಕಟ್ ಆಫ್ ಕೂಡ ಮೋಸ ಹೋಗುತ್ತದೆ. ಬ್ಯಾಟರಿ ಇಷ್ಟು ವೋಲ್ಟ್‌ಗೆ ಇಳಿದರೆ ನಿಲ್ಲಿಸು ಅಂತ ಕಿಟ್‌ನಲ್ಲಿ ಹೇಳಿಟ್ಟಿರುತ್ತೇವೆ. ಅದು ಅಳೆಯುವುದು ತನ್ನ ತುದಿಗೆ ಬಂದು ಮುಟ್ಟಿದ ವೋಲ್ಟನ್ನು. ಕೆಟ್ಟ ಅರ್ಥ್‌ನಲ್ಲಿ 0.3 ವೋಲ್ಟ್ ಕರಗಿದರೆ, ಬ್ಯಾಟರಿ 12.5 ಇದ್ದಾಗಲೇ ಕಿಟ್‌ಗೆ 12.2 ಕಾಣುತ್ತದೆ. ‘ಪಾರ್ಕಿಂಗ್ ಮೋಡ್ ಒಂದು ಗಂಟೆಯೂ ನಿಲ್ಲಲ್ಲ, ಕಿಟ್ ಡೂಪ್ಲಿಕೇಟ್’ ಅಂತ ಬೈಯುವ ಮೊದಲು ಆ ಬೋಲ್ಟ್ ನೋಡಿ.

ಕಟ್ ಆಫ್ ಎಷ್ಟಿಡಬೇಕು? ಕಿಟ್‌ಗಳಲ್ಲಿ 11.6ರಿಂದ 12.4ರ ತನಕ ಆಯ್ಕೆ ಇರುತ್ತವೆ. 11.6 ಇರುವುದೇ ದಂಡ. ಅಷ್ಟೊತ್ತಿಗೆ ಬ್ಯಾಟರಿ ಖಾಲಿ. ನಾನು 12.2ಕ್ಕಿಂತ ಕೆಳಗೆ ಇಡುವುದಿಲ್ಲ. ಬ್ಯಾಟರಿ ಮೂರು ವರ್ಷ ದಾಟಿದ್ದರೆ 12.4.

ವೈರ್ ಎಳೆಯುವ ದಾರಿಯ ಬಗ್ಗೆ ಒಂದು ಮಾತು. ಮುಂದಿನ ಗಾಜಿನ ಪಕ್ಕದ ಕಂಬದೊಳಗೆ ಕರ್ಟನ್ ಏರ್‌ಬ್ಯಾಗ್ ಇರುವ ಕಾರಾದರೆ, ವೈರ್ ಏರ್‌ಬ್ಯಾಗ್‌ನ ಹಿಂದಿನಿಂದ ಹೋಗಬೇಕು. ಅದರ ಮೇಲೆ ಅಡ್ಡ ಹಾಯಬಾರದು. ಕಂಬದ ಪ್ಲಾಸ್ಟಿಕ್ ಬಿಚ್ಚಲು ಧೈರ್ಯ ಸಾಲದಿದ್ದರೆ ಗ್ಲೋವ್ ಬಾಕ್ಸ್ ಕಡೆಯಿಂದ ಬಾಗಿಲಿನ ರಬ್ಬರ್ ಬೀಡಿಂಗ್ ಒಳಗೆ ತೂರಿಸಿ. ಇದು ಕೂಡ ಬರಲ್ಲ ಅಂದರೆ ಸಾಕೆಟ್ಟೇ ವಾಸಿ, ಅಲ್ವಾ?

ಒಬಿಡಿ ಪೋರ್ಟ್

ಸ್ಟೀರಿಂಗ್ ಕೆಳಗೆ ಮೊಣಕಾಲಿನ ಹತ್ತಿರ ಇರುವ ಹದಿನಾರು ಪಿನ್ನಿನ ಪೋರ್ಟ್. ಸರ್ವೀಸ್‌ನವರು ಸ್ಕ್ಯಾನರ್ ಹಾಕುವ ಜಾಗ ಇದೇ. ಇದರ 16ನೇ ಪಿನ್ ಬ್ಯಾಟರಿ ಪ್ಲಸ್, 4 ಮತ್ತು 5 ಅರ್ಥ್. ಅಂದರೆ ಡೈರೆಕ್ಟ್ ಲೈನ್ ಕೈಗೇ ಸಿಕ್ಕ ಹಾಗೆ. ಡ್ಯಾಶ್ ಕ್ಯಾಮ್‌ಗೆ ಅಂತಲೇ ಒಬಿಡಿ ಕೇಬಲ್ ಬರುತ್ತವೆ. ಸಿಕ್ಕಿಸಿದರೆ ಐದು ನಿಮಿಷದ ಕೆಲಸ. ಫ್ಯೂಸ್ ಟ್ಯಾಪ್ ಬೇಡ, ಅರ್ಥ್ ಹುಡುಕುವುದು ಬೇಡ.

ಸುಲಭ ನಿಜ, ಆದರೆ ನನಗೆ ಪೂರ್ತಿ ಇಷ್ಟವಿಲ್ಲ. ಇದರಲ್ಲಿ ಕೀ ಲೈನ್ ಇಲ್ಲ. ಕಾರು ನಿಂತಿತು ಅನ್ನುವುದನ್ನು ಎಷ್ಟೋ ಕೇಬಲ್‌ಗಳು ವೋಲ್ಟ್ ಇಳಿದದ್ದನ್ನು ನೋಡಿ ಊಹಿಸುತ್ತವೆ. ಇಂಜಿನ್ ನಿಂತ ತಕ್ಷಣ ಬ್ಯಾಟರಿ ಕೆಲಹೊತ್ತು 12.8ರ ಮೇಲೆಯೇ ಇರುತ್ತದೆ. ಹಾಗಾಗಿ ಊಹೆ ತಪ್ಪುವುದುಂಟು. ಸರ್ವೀಸ್‌ಗೆ ಬಿಟ್ಟಾಗ ಅವರು ಕಿತ್ತು ಸ್ಕ್ಯಾನರ್ ಹಾಕುತ್ತಾರೆ, ವಾಪಸ್ ಸಿಕ್ಕಿಸುವುದು ಮರೆಯುತ್ತಾರೆ. ತಿಂಗಳಾದ ಮೇಲೆ ಒಂದು ಘಟನೆ ಆಗಿ ಕಾರ್ಡ್ ತೆಗೆದು ನೋಡಿದರೆ ಏನೂ ಇಲ್ಲ. ಕಾಲಿಗೆ ತಾಗುವ ಕಾರುಗಳೂ ಇವೆ. ಬಾಡಿಗೆ ಮನೆಯ ಹಾಗೆ ಇನ್ನೆರಡು ವರ್ಷಕ್ಕೆ ಕಾರು ಮಾರುವವರಿಗೆ ಇದು ಸರಿ. ಪಾರ್ಕಿಂಗ್ ಕಟ್ ಆಫ್ ಇರುವ ಕೇಬಲ್ಲನ್ನೇ ತಗೊಳ್ಳಿ.

ಒಳದೀಪ, ಪವರ್ ಬ್ಯಾಂಕ್, ಬೇರೆ ಬ್ಯಾಟರಿ

ಒಳದೀಪದ ವೈರ್ ಸುಲಿಯುವುದರ ಬಗ್ಗೆ ನನ್ನ ಅಭಿಪ್ರಾಯ ಮೊದಲೇ ಹೇಳಿಯಾಯಿತು. ಕ್ಯಾಮೆರಾಗೆ ಹತ್ತಿರ ಅನ್ನುವುದೊಂದೇ ಅದರ ಗುಣ. ಬಿಸಿಲಿಗೆ ಟೇಪಿನ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ವೈರ್ ಕತ್ತರಿಸಿದ್ದನ್ನು ಕಂಡರೆ ವಾರಂಟಿ ಕೇಳುವಾಗ ಬಾಯಿ ಕಟ್ಟಿದ ಹಾಗಾಗುತ್ತದೆ.

ಪವರ್ ಬ್ಯಾಂಕ್ ಬೇಡ. ಏಪ್ರಿಲ್‌ನಲ್ಲಿ ನಮ್ಮ ಕಡೆ ಹೊರಗೆ 40 ಡಿಗ್ರಿ ಆಸುಪಾಸು ಇರುವ ಮಧ್ಯಾಹ್ನ, ಮುಚ್ಚಿದ ಕಾರಿನ ಡ್ಯಾಶ್‌ಬೋರ್ಡ್ 70 ದಾಟಬಹುದು. ಅಲ್ಲಿ ಲಿಥಿಯಂ ಸೆಲ್ ಇಡುವುದು ಬೆಂಕಿ ಪಕ್ಕ ಪಟಾಕಿ ಇಟ್ಟ ಹಾಗೆ. ಇದೇ ಕಾರಣಕ್ಕೆ ಒಳಗೆ ಲಿಥಿಯಂ ಬ್ಯಾಟರಿ ಇರುವ ಕ್ಯಾಮೆರಾಕ್ಕಿಂತ ಸೂಪರ್ ಕೆಪಾಸಿಟರ್ (ಕರೆಂಟನ್ನು ಸ್ವಲ್ಪ ಹೊತ್ತು ಹಿಡಿದಿಡುವ ಪುಟ್ಟ ಭಾಗ) ಇರುವುದು ನಮ್ಮೂರಿಗೆ ವಾಸಿ.

ಡ್ಯಾಶ್ ಕ್ಯಾಮ್‌ಗೆಂದೇ ಬರುವ ಬೇರೆ ಬ್ಯಾಟರಿ ಪ್ಯಾಕ್ ಇದೆ. ಒಳಗೆ ಲಿಥಿಯಂ ಐರನ್ ಫಾಸ್ಫೇಟ್ ಸೆಲ್. ಕಾರು ಓಡುವಾಗ ತುಂಬಿಕೊಳ್ಳುತ್ತದೆ, ನಿಂತಾಗ ಕ್ಯಾಮೆರಾಗೆ ಊಟ ಹಾಕುತ್ತದೆ. ಕಾರಿನ ಬ್ಯಾಟರಿಗೆ ಸಂಬಂಧವೇ ಇಲ್ಲ. ಬೆಲೆ ಹಲವು ಸಲ ಕ್ಯಾಮೆರಾಗಿಂತ ಜಾಸ್ತಿ. ದಿನಾ ಬೀದಿಯಲ್ಲಿ ನಿಲ್ಲುವ, ಚೆನ್ನಾಗಿ ಓಡುವ ದುಬಾರಿ ಕಾರಿಗೆ ಒಪ್ಪುತ್ತದೆ. ಇದನ್ನೂ ಸೀಟಿನ ಕೆಳಗೆ ನೆರಳಲ್ಲಿಡಿ.

ಎಲೆಕ್ಟ್ರಿಕ್ ಕಾರಿನವರು ‘ನಮ್ಮಲ್ಲಿ ದೊಡ್ಡ ಬ್ಯಾಟರಿ ಇದೆ, ಚಿಂತೆ ಇಲ್ಲ’ ಅನ್ನುತ್ತಾರೆ. ಕ್ಯಾಮೆರಾಗೆ ಕರೆಂಟ್ ಹೋಗುವುದು ದೊಡ್ಡದರಿಂದ ನೇರವಾಗಿ ಅಲ್ಲ. ಅಲ್ಲೂ ಒಂದು ಪುಟ್ಟ 12 ವೋಲ್ಟ್ ಬ್ಯಾಟರಿ ಇದೆ. ಅದು ಇಳಿದರೆ ಕಾರು ಬಾಗಿಲೇ ತೆಗೆಯದೆ ಕೂರಬಹುದು. ಕಟ್ ಆಫ್ ಅವರಿಗೂ ಬೇಕು.

ಲಕ್ಷಣ ನೋಡಿ ರೋಗ ಹೇಳುವುದು

ಸೆಲ್ಫ್ ಹೊಡೆಯುವಾಗ ಕ್ಯಾಮೆರಾ ಒಮ್ಮೆ ಆಫ್ ಆಗಿ ಆನ್ ಆದರೆ ಅದು ರೋಗವೇ ಅಲ್ಲ. ಆ ಕ್ಷಣ ಕಾರು ಕೀ ಲೈನ್‌ಗಳ ಕರೆಂಟ್ ನಿಲ್ಲಿಸಿ ಎಲ್ಲ ಬಲವನ್ನೂ ಸ್ಟಾರ್ಟರಿಗೆ ಕೊಡುತ್ತದೆ.

ಹಂಪ್, ಗುಂಡಿ ಸಿಕ್ಕಾಗ ಆಫ್ ಆದರೆ ಸಾಕೆಟ್ ಪಿನ್ ಅಥವಾ ಅರ್ಥ್. ಎಷ್ಟು ಹೊತ್ತಿಗೆಂದು ಹೇಳಲಾಗದ ಹಾಗೆ ಆಫ್ ಆದರೆ ತೆಳು ಕೇಬಲ್ ಅಥವಾ ಕಾರ್ಡ್. ಮಧ್ಯಾಹ್ನ ಮಾತ್ರ ಆಫ್ ಆದರೆ ಬಿಸಿ. ದಿನಾಂಕ ಪ್ರತಿ ಸಲ ಹಳೆಯದಕ್ಕೆ ಹೋದರೆ ಕ್ಯಾಮೆರಾ ಒಳಗಿನ ಸೆಲ್ ಹೋಗಿದೆ. ವೈರಿಂಗ್ ಬಿಚ್ಚಿ ಪ್ರಯೋಜನವಿಲ್ಲ. ಕೊನೆಯ ವಿಡಿಯೋ ಮಾತ್ರ ತೆರೆಯದಿದ್ದರೂ ಅದೇ ಸೆಲ್ ಅಥವಾ ಕೆಪಾಸಿಟರ್. ಕರೆಂಟ್ ಹೋದ ಮೇಲೆ ಫೈಲ್ ಮುಚ್ಚಲು ಬೇಕಾದ ಎರಡು ಸೆಕೆಂಡನ್ನು ಅದು ಕೊಡುತ್ತಿಲ್ಲ.

ಹಿಂದಿನ ಕ್ಯಾಮೆರಾ ಸದಾ ರಿವರ್ಸ್ ಗೆರೆ ತೋರಿಸುತ್ತಿದ್ದರೆ ಅದರ ಕೆಂಪು ವೈರನ್ನು ರಿವರ್ಸ್ ಲೈಟಿಗೆ ಬದಲು ಪಾರ್ಕ್ ಲೈಟಿಗೋ ಇನ್ಯಾವುದಕ್ಕೋ ಕೊಟ್ಟಿರುತ್ತಾರೆ.

ಇನ್ನೊಂದು ವಿಚಿತ್ರ. ಚಿಕ್ಕಪ್ಪನ ಕಾರಿನಲ್ಲಿ ಆಕಾಶವಾಣಿ ಚಿತ್ರದುರ್ಗ ಹಾಕಿದರೆ ವಾರ್ತೆಯ ಬದಲು ಬರೀ ಕೊರಕೊರ. ಕ್ಯಾಮೆರಾ ಪ್ಲಗ್ ಕಿತ್ತರೆ ಸ್ವಚ್ಛ. ಅಗ್ಗದ ಅಡಾಪ್ಟರ್ 12 ವೋಲ್ಟನ್ನು 5ಕ್ಕೆ ಇಳಿಸುವಾಗ ಎಬ್ಬಿಸುವ ಗದ್ದಲ ಅದು. ಒಳ್ಳೆಯ ಅಡಾಪ್ಟರ್ ಹಾಕಿ, ಕೇಬಲ್ಲನ್ನು ಆಂಟೆನಾ ವೈರ್‌ನಿಂದ ದೂರ ಎಳೆದ ಮೇಲೆ ವಾರ್ತೆ ಕೇಳಿಸಿತು. ಇದೇ ಗದ್ದಲ ಕ್ಯಾಮೆರಾದ ಜಿಪಿಎಸ್ ಅನ್ನೂ ಕೆಡಿಸುತ್ತದೆ.

ನಾನಾದರೆ ಏನು ಆರಿಸುತ್ತೇನೆ

ಗೇಟಿನೊಳಗೆ ನಿಲ್ಲುವ ಕಾರಿಗೆ ಸಾಕೆಟ್. ವೈರ್ ಕಾಣಬಾರದು ಅಂದರೆ ಅದೇ ಸಾಕೆಟ್ಟಿನ ಫ್ಯೂಸ್‌ಗೆ ಟ್ಯಾಪ್, ಕೀ ಲೈನ್ ಮಾತ್ರ. ಆಗ ಹಳದಿ ಕೆಂಪು ಎರಡೂ ಒಂದೇ ಕಡೆ ಹೋಗಬಹುದು, ತಪ್ಪಿಲ್ಲ. ಬೀದಿಯಲ್ಲಿ ನಿಂತು ದಿನಾ ಹೈವೇ ಓಡುವ ಕಾರಿಗೆ ಮೂರು ವೈರಿನ ಕಿಟ್. ಬೀದಿಯಲ್ಲೇ ನಿಂತು ವಾರಕ್ಕೊಮ್ಮೆ ಹೊರಡುವ ಕಾರಿಗೆ ಪಾರ್ಕಿಂಗ್ ಮೋಡ್ ಆಸೆ ಬಿಡಿ. ಬೇಕೇ ಬೇಕೆಂದರೆ ಬೇರೆ ಬ್ಯಾಟರಿ ಪ್ಯಾಕ್. ಅದೂ ತುಂಬಲು ಕಾರು ಓಡಬೇಕು, ನೆನಪಿರಲಿ.

ಅಂಗಡಿಯಲ್ಲೇ ಮಾಡಿಸುವುದಾದರೆ ದುಡ್ಡು ಕೊಡುವ ಮುಂಚೆ ಮೂರು ಕೇಳಿ. ಯಾವ ಫ್ಯೂಸಿನಿಂದ ತೆಗೆದಿರಿ? ಅರ್ಥ್ ಎಲ್ಲಿ ಕೊಟ್ಟಿರಿ? ಕಟ್ ಆಫ್ ಎಷ್ಟಕ್ಕಿದೆ? ಮೂರಕ್ಕೂ ಕೈ ತೋರಿಸಿ ಹೇಳಿದರೆ ಒಳ್ಳೆಯ ಕೆಲಸಗಾರ. ‘ಎಲ್ಲ ಸರಿ ಇದೆ ಸಾರ್, ಹೋಗಿ ಬನ್ನಿ’ ಅಂದರೆ ಅಲ್ಲೇ ಬಿಚ್ಚಿಸಿ ನೋಡಿ.

ನನ್ನ ಕಾರಿನಲ್ಲಿ ಈಗ ಕಿಟ್ ಇದೆ, 12.2ಕ್ಕೆ ಕಟ್ ಆಗುತ್ತದೆ. ಆದರೂ ರೈಲು ಹತ್ತುವ ದಿನ ಹಳದಿ ವೈರಿನ 2 ಆಂಪಿಯರ್ ಫ್ಯೂಸ್ ಕಿತ್ತು ಅಂಗಿ ಜೇಬಿಗೆ ಹಾಕಿಕೊಳ್ಳುತ್ತೇನೆ. ಒಮ್ಮೆ ಮರೆತು ಅಂಗಿ ಸಮೇತ ಒಗೆಯಲು ಹೋಯಿತು. ಫ್ಯೂಸ್‌ಗೆ ಏನೂ ಆಗಿರಲಿಲ್ಲ.